ಹೆತ್ತವರು ಕೇಳಿದ ಪ್ರಶ್ನೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂದು ಅದರ ಅರ್ಥ. ಇಂದಿನ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳು ಸೇರಿರುವ ಈ ನೆಲಕ್ಕಾಗಿ 11ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರೂ ಚೋಳರೂ, ಮುಂದೆ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಮೇಲಿಂದ ಮೇಲೆ ಕಾದಿದ್ದಾರೆ. ಚೋಳರ ಶಾಸನಗಳು ಹೇಳುವ ಮುಸಂಗಿಯ ಕಾಳಗ ನಡೆದದ್ದು ಮಸ್ಕಿಯಲ್ಲಿಯೇ ಎಂದು ಹಲವು ಇತಿಹಾಸಕಾರರು ಗುರುತಿಸಿದ್ದಾರೆ. ಇಷ್ಟು ಯುದ್ಧ ಕಂಡ ನೆಲದಲ್ಲಿ ಗೆದ್ದ ಅರಸನ ಬಿರುದು ಉಳಿದಿದೆ, ಸತ್ತ ಯೋಧನ ನೆನಪು ವೀರಗಲ್ಲಾಗಿ ಉಳಿದಿದೆ. ಸತ್ತವನನ್ನು ಹೆತ್ತವರು ಏನೆಂದರು ಎಂಬುದು ಮಾತ್ರ ಕಲ್ಲಿಗೆ ಏರಿಲ್ಲ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವ ನೋಟ, ಮೇಲೆ ದೇವಸನ್ನಿಧಿ ಇರುತ್ತವೆ. ಹೆಂಡತಿ ಜೊತೆಯಲ್ಲಿ ಸತ್ತರೆ ಅವಳಿಗೂ ಮಾಸ್ತಿಕಲ್ಲು ಸಿಗುತ್ತದೆ. ಬದುಕಿ ಉಳಿದು ಅಳುವ ತಂದೆತಾಯಿಗೆ ಆ ಶಿಲ್ಪದಲ್ಲಿ ಪಟ್ಟಿಕೆಯಿಲ್ಲ.

ಈ ಗೈರುಹಾಜರಿ ಹಳೆಯ ಕಲ್ಲಿಗೆ ಮಾತ್ರ ಸೇರಿದ್ದಲ್ಲ ಎಂಬುದು ಇಂದಿನ ಸಾರ್ವಜನಿಕ ಭಾಷೆಯನ್ನು ಗಮನಿಸಿದರೆ ತಿಳಿಯುತ್ತದೆ. ಯುದ್ಧದಲ್ಲಿ ಮಡಿದವನನ್ನು ಕನ್ನಡದ ಪತ್ರಿಕೆಗಳೂ ವೃತ್ತಗಳಲ್ಲಿ ಕಟ್ಟುವ ಫ್ಲೆಕ್ಸುಗಳೂ ಹುತಾತ್ಮ ಎನ್ನುತ್ತವೆ. ಸೇನೆಯಲ್ಲಿ ಇಂತಹ ಅಧಿಕೃತ ಪದವೇ ಇಲ್ಲವೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದ್ದರೂ ಬಳಕೆ ನಿಂತಿಲ್ಲ, ನಿಲ್ಲಬೇಕಾದ ಕಾರಣವೂ ಇಲ್ಲ; ಆದರೆ ಪದದ ಕಟ್ಟಡವನ್ನು ಬಿಡಿಸಿ ನೋಡುವುದು ಒಳ್ಳೆಯದು. ಹುತ ಎಂದರೆ ಅಗ್ನಿಗೆ ಹಾಕಿದ್ದು, ಆಹುತಿಯಾದದ್ದು. ಹವಿಸ್ಸು ಇದ್ದಲ್ಲಿ ಅದನ್ನು ಅರ್ಪಿಸಿದ ಕೈಯೊಂದು ಇರಲೇಬೇಕು, ಆದರೆ ಹುತಾತ್ಮ ಎಂಬ ಮಾತಿನಲ್ಲಿ ಆ ಕೈ ಕಾಣುವುದಿಲ್ಲ. ತನ್ನನ್ನು ತಾನೇ ಅರ್ಪಿಸಿಕೊಂಡನೆಂದು ಒಪ್ಪಿಕೊಂಡರೆ ಯಾರು ಕಳಿಸಿದರು, ಯಾತಕ್ಕೆ ಕಳಿಸಿದರು ಎಂದು ವಿಚಾರಿಸುವ ಅಗತ್ಯವೇ ಬೀಳುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಯೋ ತಂದೆಯೋ ಯುದ್ಧವನ್ನೇ ವಿರೋಧಿಸಿ ನಿಂತಾಗ ನಡೆಯುವುದು ಇಷ್ಟೆ: ಕಾಣದಿದ್ದ ಆ ಕೈಯನ್ನು ಅವರು ಬೆರಳಿಟ್ಟು ತೋರಿಸುತ್ತಾರೆ. ಸಮಾಜ ಅಂತಹವರಿಗೆ ಏನು ಮಾಡುತ್ತದೆ ಎಂಬುದೇ ಇಲ್ಲಿ ವಿಮರ್ಶೆಯ ವಸ್ತು.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಅಮೆರಿಕದ ಸಿಂಡಿ ಶೀಹನ್ ಅವರದು. ಇರಾಕ್ ಯುದ್ಧಕ್ಕೆ ಹೋಗಿದ್ದ ಸೈನಿಕ, ಅವರ ಮಗ ಕೇಸಿ ಶೀಹನ್ 2004ರ ಏಪ್ರಿಲ್ 4ರಂದು ಬಾಗ್ದಾದಿನ ಸದರ್ ಸಿಟಿಯಲ್ಲಿ ಕೊಲ್ಲಲ್ಪಟ್ಟಾಗ ಅವನಿಗೆ 24 ವರ್ಷ. 2005ರ ಆಗಸ್ಟ್ 6ರಂದು, ಅಧ್ಯಕ್ಷ ಜಾರ್ಜ್ ಬುಷ್ ರಜೆಗೆಂದು ತಂಗಿದ್ದ ಟೆಕ್ಸಸ್ಸಿನ ಕ್ರಾಫರ್ಡಿಗೆ ಹೋಗಿ, ತನ್ನ ಮಗ ಯಾವ ಉದಾತ್ತ ಕಾರಣಕ್ಕೆ ಸತ್ತನೆಂದು ಅಧ್ಯಕ್ಷರೇ ಎದುರಿಗೆ ಬಂದು ಹೇಳಲಿ ಎಂದು ಆಕೆ ರಸ್ತೆಬದಿಯಲ್ಲಿ ಡೇರೆ ಹಾಕಿ ಕುಳಿತರು. ಬುಷ್ ತಮ್ಮ ಇಬ್ಬರು ಹಿರಿಯ ಅಧಿಕಾರಿಗಳನ್ನು ಕಳಿಸಿ ಮಾತಾಡಿಸಿದರೇ ಹೊರತು ತಾವು ಬರಲಿಲ್ಲ. ಮಗನ ಹೆಸರಿನ ಆ ಶಿಬಿರಕ್ಕೆ ಕೆಲವೇ ದಿನಗಳಲ್ಲಿ ದೇಶದ ನಾನಾ ಕಡೆಯಿಂದ ಜನ ಬಂದು ಸೇರಿದರು. ಇರಾಕಿನಲ್ಲಿ ಸತ್ತ ಸೈನಿಕರ ಹೆಸರು ಬರೆದ ಬಿಳಿ ಶಿಲುಬೆಗಳನ್ನು ರಸ್ತೆಯ ಅಂಚಿನಲ್ಲಿ ಸಾಲಾಗಿ ನೆಟ್ಟರು.

ಪ್ರತಿಕ್ರಿಯೆ ಎರಡೂ ದಿಕ್ಕಿನಿಂದ ಬಂದಿತು. ಒಬ್ಬಾತ ಆ ಶಿಲುಬೆಗಳ ಮೇಲೆ ಪಿಕಪ್ ಟ್ರಕ್ಕು ಓಡಿಸಿದನು. ತಮ್ಮ ಮಕ್ಕಳ ಹೆಸರು ಅಲ್ಲಿರಕೂಡದೆಂದು ಕೆಲವು ತಂದೆತಾಯಿಗಳು ಶಿಲುಬೆ ಕಿತ್ತುಕೊಂಡು ಹೋದರು. ಇರಾಕಿನಲ್ಲಿಯೇ ಮಗನನ್ನು ಕಳೆದುಕೊಂಡಿದ್ದ ಗ್ಯಾರಿ ಕ್ವಾಲ್ಸ್ ಎಂಬ ತಂದೆ ಅದೇ ಊರಿನಲ್ಲಿ ಯುದ್ಧದ ಪರವಾಗಿ ಎದುರು ಶಿಬಿರ ಹೂಡಿದರು. ಕೇಸಿಯ ತಂದೆಯ ಕಡೆಯ ಬಂಧುಗಳು ಶೀಹನ್ ಅವರ ನಿಲುವು ತಮ್ಮದಲ್ಲವೆಂದು ಹೇಳಿಕೆ ಕೊಟ್ಟರು. ಇವೆಲ್ಲಕ್ಕಿಂತ ಹೆಚ್ಚು ಬಳಕೆಯಾದ ಅಸ್ತ್ರವೆಂದರೆ 2004ರ ಜೂನಿನಲ್ಲಿ ಆಕೆ ಬುಷ್ ಅವರನ್ನು ಒಮ್ಮೆ ಭೇಟಿಯಾಗಿದ್ದಾಗ ಮೃದುವಾಗಿ ಮಾತಾಡಿದ್ದರು ಎಂಬುದು. ಅಂದು ಹಾಗೆ, ಇಂದು ಹೀಗೆ, ಆದ್ದರಿಂದ ಇದು ದುಃಖವಲ್ಲ, ರಾಜಕೀಯ ಎಂದು ಟೀಕಾಕಾರರು ತೀರ್ಮಾನಿಸಿದರು. ಮಗ ಸತ್ತ ಎರಡನೆಯ ತಿಂಗಳಿಗೂ ಹದಿನಾರನೆಯ ತಿಂಗಳಿಗೂ ತಾಯಿಯ ಮಾತು ಒಂದೇ ಇರಬೇಕೆಂದು ಬಯಸುವವರು ಯಾರ ಮನೆಯ ಸೂತಕವನ್ನೂ ಹತ್ತಿರದಿಂದ ಕಂಡಿಲ್ಲವೆಂದೇ ಅನಿಸುತ್ತದೆ. 2006ರಲ್ಲಿ ಆಕೆ ಮಗನ ಸಾವಿಗೆ ಬಂದ ವಿಮೆಯ ಹಣದಲ್ಲಿ ಒಂದು ಪಾಲು ಹಾಕಿ ಕ್ರಾಫರ್ಡಿನಲ್ಲಿಯೇ ಐದು ಎಕರೆ ನೆಲ ಕೊಂಡರು, ಮರುವರ್ಷ ಚಳವಳಿಯಿಂದ ಬೇಸತ್ತು ಅದನ್ನು ಮಾರಿದರು. ಪರಿಹಾರ ಕೊಟ್ಟ ಮೇಲೆ ಮಾತು ಮುಗಿಯಿತು ಎಂಬ ಸರ್ಕಾರಿ ನಂಬಿಕೆಗೆ ಇದಕ್ಕಿಂತ ಚುರುಕಾದ ಉತ್ತರ ಸಿಗಲಾರದು.

ಬೆಂಬಲಿಗರ ನಿಲುವಿನಲ್ಲಿಯೂ ದೋಷವಿತ್ತು ಎಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಇರಾಕಿನಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ನೈತಿಕ ಅಧಿಕಾರ ಪರಿಪೂರ್ಣವಾದದ್ದು ಎಂಬ ಅರ್ಥದ ಮಾತನ್ನು ಅಂಕಣಕಾರ್ತಿ ಮೌರೀನ್ ಡೌಡ್ ಆಗ ಬರೆದರು. ಮಾತು ಮನಮುಟ್ಟುವಂತಿದ್ದರೂ ವಾದವಾಗಿ ನಿಲ್ಲುವುದಿಲ್ಲ, ಏಕೆಂದರೆ ಅದೇ ಅಧಿಕಾರ ಎದುರು ಶಿಬಿರದ ತಂದೆಗೂ ಸಲ್ಲಬೇಕು. ಆಗ ಒಂದು ಶೋಕ ಇನ್ನೊಂದನ್ನು ಹೊಡೆದುಹಾಕಿ ಯುದ್ಧ ಮಾತ್ರ ವಿಚಾರಣೆಯಿಲ್ಲದೆ ಉಳಿಯುತ್ತದೆ. ಶೀಹನ್ ಅವರ ಪ್ರಶ್ನೆಗೆ ಬೆಲೆ ಬರುವುದು ಅದನ್ನು ತಾಯಿಯೊಬ್ಬಳು ಕೇಳಿದ್ದರಿಂದಲ್ಲ, ಅದಕ್ಕೆ ಉತ್ತರ ಬಾಕಿ ಇದ್ದುದರಿಂದ. ಸಾವು ಕಂಡ ಮನೆಯವರು ಮಾತ್ರ ಯುದ್ಧದ ಬಗ್ಗೆ ಮಾತಾಡಬಹುದೆಂದು ಕಟ್ಟುಮಾಡಿದರೆ ಗಡಿಯಿಂದ ಬಹುದೂರವಿರುವ ಸಿಂಧನೂರಿನವರು ಬಾಯಿ ಮುಚ್ಚಿಕೊಂಡೇ ಇರಬೇಕಾಗುತ್ತದೆ. ಆದರೆ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳು ಅದೇ ತಾಲೂಕಿನಲ್ಲಿ ಇಂದಿಗೂ ಇವೆ. ಗಡಿಯ ಕಿಚ್ಚು ಎಲ್ಲಿಯವರೆಗೆ ಬಂದು ಮುಟ್ಟುತ್ತದೆ ಎಂಬುದಕ್ಕೆ ಆ ಭತ್ತದ ಗದ್ದೆಗಳ ನಡುವಿನ ಬಂಗಾಳಿ ಮಾತೇ ಸಾಕ್ಷಿ.

ಭಾರತದಲ್ಲಿ ಇಂತಹ ಪರೀಕ್ಷೆ ತಾಯಿಗಲ್ಲ, ಮಗಳಿಗೆ ಎದುರಾಯಿತು. 1999ರಲ್ಲಿ ಕುಪ್ವಾರಾದಲ್ಲಿ ಮಡಿದ ಕ್ಯಾಪ್ಟನ್ ಮನ್‌ದೀಪ್ ಸಿಂಗ್ ಅವರ ಮಗಳು ಗುರ್‌ಮೆಹರ್ ಕೌರ್, ತನ್ನ ತಂದೆಯನ್ನು ಕೊಂದದ್ದು ಪಾಕಿಸ್ತಾನವಲ್ಲ, ಯುದ್ಧ ಎಂದು ಫಲಕದಲ್ಲಿ ಬರೆದು ಹಿಡಿದು ತೋರಿಸಿದ ವಿಡಿಯೊ 2016ರದು; ಅದಕ್ಕೆ ಬಿರುಗಾಳಿ ಎದ್ದದ್ದು 2017ರ ಫೆಬ್ರುವರಿಯಲ್ಲಿ, ದಿಲ್ಲಿಯ ರಾಮಜಸ್ ಕಾಲೇಜಿನ ಗಲಾಟೆಯನ್ನು ಖಂಡಿಸುವ ಆಂದೋಲನಕ್ಕೆ ಆಕೆ ಇಳಿದ ಬಳಿಕ. ಕ್ರಿಕೆಟಿಗ ವೀರೇಂದ್ರ ಸೆಹ್ವಾಗ್ ತಾವೂ ಒಂದು ಫಲಕ ಹಿಡಿದು, ಎರಡು ತ್ರಿಶತಕ ಹೊಡೆದದ್ದು ತಾನಲ್ಲ, ತನ್ನ ಬ್ಯಾಟು ಎಂಬ ಅರ್ಥದ ಹಾಸ್ಯ ಮಾಡಿದರು. ಆಗ ಕೇಂದ್ರ ಸಚಿವರಾಗಿದ್ದ ಕಿರಣ್ ರಿಜಿಜು, ಈ ಹುಡುಗಿಯ ಮನಸ್ಸನ್ನು ಯಾರು ಕೆಡಿಸುತ್ತಿದ್ದಾರೆ ಎಂದು ಕೇಳಿದರು. ಕನ್ನಡದ ಅಂಕಣಕಾರರೂ ಆಗ ಮೈಸೂರು-ಕೊಡಗು ಸಂಸದರೂ ಆಗಿದ್ದ ಪ್ರತಾಪ ಸಿಂಹ ಆಕೆಯ ಚಿತ್ರದ ಪಕ್ಕದಲ್ಲಿ ದಾವೂದ್ ಇಬ್ರಾಹಿಮನ ಚಿತ್ರವಿಟ್ಟು, ದಾವೂದನಾದರೂ ತಂದೆಯ ಹೆಸರು ಹೇಳಿಕೊಳ್ಳಲಿಲ್ಲವೆಂಬ ಹೋಲಿಕೆ ಮಾಡಿದರು. ಹಾಸ್ಯ ಒಂದು ಕ್ಷಣದ್ದು, ಸಚಿವರ ಪ್ರಶ್ನೆ ಇಪ್ಪತ್ತು ವರ್ಷದವಳಿಗೆ ಸ್ವಂತ ಬುದ್ಧಿ ಇರಬಹುದೆಂಬುದನ್ನೇ ಅಲ್ಲಗಳೆಯುವಂಥದು. ಮೂರನೆಯದು ಮಾತ್ರ ಬೇರೆ ಜಾತಿಯದು. ತಂದೆಯ ಸಾವನ್ನು ನೆನೆಯುವುದನ್ನೇ ಬಂಡವಾಳ ಮಾಡಿಕೊಂಡಳೆಂಬ ಆ ಆರೋಪ, ಅದೇ ಸಾವನ್ನು ಚುನಾವಣೆಯ ವೇದಿಕೆಗಳು ಬಂಡವಾಳ ಮಾಡಿಕೊಳ್ಳುವುದರ ಬಗ್ಗೆ ಚಕಾರವೆತ್ತುವುದಿಲ್ಲ. ಫೆಬ್ರುವರಿ ಮುಗಿಯುವಷ್ಟರಲ್ಲಿ ಆಕೆ ಆಂದೋಲನದಿಂದ ಹಿಂದೆ ಸರಿದು ದಿಲ್ಲಿ ಬಿಟ್ಟರು.

ಹೆತ್ತವರ ಕೋಪವನ್ನು ಜನ ಎಂದೂ ಸಹಿಸುವುದಿಲ್ಲವೆಂದು ಇದರಿಂದ ತೀರ್ಮಾನಿಸಿದರೆ ತಪ್ಪಾದೀತು. 2008ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಮಡಿದ ಮೇಜರ್ ಸಂದೀಪ್ ಉಣ್ಣಿಕೃಷ್ಣನ್ ಅವರ ತಂದೆ, ಸಾಂತ್ವನಕ್ಕೆಂದು ಬೆಂಗಳೂರಿನ ಮನೆಗೆ ಬಂದ ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಅವರನ್ನು ಒಳಗೆ ಸೇರಿಸದೆ ಕಳಿಸಿದರು. ಸಂದೀಪನ ಮನೆಯಲ್ಲದಿದ್ದರೆ ಅತ್ತ ನಾಯಿಯೂ ಸುಳಿಯುತ್ತಿರಲಿಲ್ಲವೆಂದು ಮುಖ್ಯಮಂತ್ರಿ ಆಡಿದ ಮಾತಿಗೆ ದೇಶವೇ ತಿರುಗಿಬಿದ್ದಿತು, ಅವರು ವಿಷಾದ ಹೇಳಬೇಕಾಯಿತು. 2023ರ ನವೆಂಬರಿನಲ್ಲಿ ಮಂಗಳೂರಿನ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಅವರೊಡನೆ ರಾಜೌರಿಯಲ್ಲಿ ಮಡಿದ ಆಗ್ರಾದ ಕ್ಯಾಪ್ಟನ್ ಶುಭಂ ಗುಪ್ತಾ ಅವರ ತಾಯಿ, ಕ್ಯಾಮೆರಾದ ಮುಂದೆ ಚೆಕ್ಕು ಹಿಡಿಸಲು ಬಂದ ಸಚಿವರ ಎದುರು ಇದನ್ನು ಪ್ರದರ್ಶನ ಮಾಡಬೇಡಿರೆಂದು ಅತ್ತಾಗಲೂ ಜನ ನಿಂತದ್ದು ತಾಯಿಯ ಪರವಾಗಿ. ರಾಜಕಾರಣಿಯ ಮೇಲೆ ಹೆತ್ತವರು ಸಿಟ್ಟಾದರೆ ಅದು ನ್ಯಾಯವೆನಿಸುತ್ತದೆ, ಯುದ್ಧದ ಮೇಲೆಯೇ ಸಿಟ್ಟಾದರೆ ಸತ್ತವನಿಗೆ ಮಾಡಿದ ಅಪಚಾರವೆನಿಸುತ್ತದೆ. ಸಾವು ಸಾರ್ಥಕವೆಂಬ ಮಾತು ಕದಲದವರೆಗೆ ಕೋಪಕ್ಕೆ ಪರವಾನಗಿ ಇದೆ ಎಂಬುದೇ ಈ ವ್ಯತ್ಯಾಸದ ಒಳಗುಟ್ಟು.

ಯುದ್ಧದ ಪಶ್ಚಾತ್ತಾಪವೆಂದರೆ ಮಸ್ಕಿಯ ಹೆಸರು ಬಾರದೆ ಇರದು. 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಬೀಡನ್ ಇಲ್ಲಿ ಕಂಡ ಬಂಡೆಯ ಮೇಲಿನ ಶಾಸನ, ದೇವಾನಾಂಪ್ರಿಯನೆಂಬುವನು ಅಶೋಕನೇ ಎಂದು ಮೊದಲ ಬಾರಿಗೆ ಹೆಸರು ಹಿಡಿದು ಹೇಳಿತು. ಆದರೆ ಕಿರುಶಾಸನವೆಂದು ವಿದ್ವಾಂಸರು ಕರೆಯುವ ಈ ಬರಹದಲ್ಲಿ ಕಳಿಂಗದ ಸುದ್ದಿಯಿಲ್ಲ. ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಹೋದರು ಎಂಬ ಲೆಕ್ಕ ಇರುವುದು ಹದಿಮೂರನೆಯ ಬಂಡೆಶಾಸನದಲ್ಲಿ. ತಾವು ಉಳಿದುಕೊಂಡರೂ ಬಂಧುಮಿತ್ರರ ಸಾವಿನಿಂದ ನೊಂದವರೂ ಯುದ್ಧದಿಂದ ಗಾಯಗೊಂಡವರೇ ಎಂದು ಅದು ಒಪ್ಪಿಕೊಳ್ಳುತ್ತದೆ. ಅರಸನೊಬ್ಬ ಹೆತ್ತವರ ಸಂಕಟವನ್ನು ಯುದ್ಧದ ಲೆಕ್ಕಕ್ಕೆ ಸೇರಿಸಿದ್ದು ಸಣ್ಣ ಮಾತಲ್ಲ. ಆದರೂ ಅದೇ ಶಾಸನ ಅಡವಿಯ ಜನರಿಗೆ, ಪಶ್ಚಾತ್ತಾಪಪಟ್ಟರೂ ಅರಸನ ಕೈಯಲ್ಲಿ ಬಲವಿದೆ ಎಂಬ ಎಚ್ಚರಿಕೆಯನ್ನೂ ಕೊಡುತ್ತದೆ. ಕಳಿಂಗದಲ್ಲಿಯೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ ಹದಿಮೂರನೆಯ ಶಾಸನವನ್ನು ಕೆತ್ತಿಸಲಿಲ್ಲ. ಮಗನನ್ನು ಕಳೆದುಕೊಂಡ ಕಳಿಂಗದವರು ಓದಬಾರದ ಪಶ್ಚಾತ್ತಾಪವನ್ನು ದೂರದ ಪ್ರಜೆಗಳು ಓದಿದರು.

ಹೆತ್ತವರ ಬಾಯಿಂದಲೇ ಯುದ್ಧ ಬೇಡವೆಂದು ಹೇಳಿಸಿದ ಕನ್ನಡದ ಕವಿ ರನ್ನ. 10ನೆಯ ಶತಮಾನದ ಕೊನೆಯಲ್ಲಿ ಬಂದ ಗದಾಯುದ್ಧದಲ್ಲಿ ಉಳಿದೆಲ್ಲ ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನೂ ಗಾಂಧಾರಿಯೂ ಕುರುಕ್ಷೇತ್ರಕ್ಕೇ ಬಂದು, ಇನ್ನಾದರೂ ಸಂಧಿ ಮಾಡಿಕೋ ಎಂದು ದುರ್ಯೋಧನನನ್ನು ಬೇಡುತ್ತಾರೆ. ಕರ್ಣ ದುಶ್ಶಾಸನರನ್ನು ಕೊಂದವರೊಡನೆ ಸಂಧಿಯೆಂತು ಎಂದು ಅವನು ಒಲ್ಲೆನೆನ್ನುತ್ತಾನೆ. ಕನ್ನಡ ವಿಮರ್ಶೆ ಈ ನಿರಾಕರಣೆಯ ಛಲವನ್ನು ಕೊಂಡಾಡಿ ದಣಿದಿಲ್ಲ, ದುರ್ಯೋಧನನನ್ನು ದುರಂತನಾಯಕನ ಪೀಠಕ್ಕೂ ಏರಿಸಿದೆ. ಬೇಡಿಕೊಂಡ ಮುದುಕರಿಬ್ಬರು ಆ ಛಲ ಎದ್ದುಕಾಣಲೆಂದು ಹಿಡಿದ ಕನ್ನಡಿಯಾಗಿ ಉಳಿದರೇ ಹೊರತು ಅವರ ಮಾತು ಸರಿಯಿತ್ತೇ ಎಂಬ ಚರ್ಚೆಗೆ ಅಷ್ಟು ಮನ್ನಣೆ ದೊರೆಯಲಿಲ್ಲ. ಓದುಗರೂ ಒಂದು ಬಗೆಯ ಸಾರ್ವಜನಿಕರೇ ಆದ್ದರಿಂದ ಇದನ್ನೂ ಪ್ರತಿಕ್ರಿಯೆಯ ಚರಿತ್ರೆಯೊಳಗೇ ಎಣಿಸಬೇಕು.

ಇದಕ್ಕೆ ಎದುರಾಗಿ ಇಡಬಹುದಾದ ಆಚರಣೆಯೊಂದು ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿದೆ. ಅಲ್ಲಿನ ಮೊಹರಂ ಸುತ್ತಲಿನ ಸೀಮೆಗೆಲ್ಲ ಹೆಸರಾದದ್ದು. 680ರಲ್ಲಿ ಕರ್ಬಲಾದ ಕಾಳಗದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರೂ ಅವರ ಕಡೆಯವರೂ ಮಡಿದದ್ದನ್ನು ನೆನೆಯುವ ಈ ಹಬ್ಬದಲ್ಲಿ ಪಂಜಾಗಳನ್ನು ದೇವರೆಂದು ಕೂಡಿಸುವವರು, ಹರಕೆ ಹೊತ್ತು ಫಕೀರರಾಗುವವರು, ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ಮುಸಲ್ಮಾನರಷ್ಟೇ ಅಲ್ಲ, ಹಿಂದೂಗಳೂ ಹೌದು. ಖತಲ್ ಎಂದರೆ ಕೊಲೆ. ಖತಲ್ ರಾತ್ರಿಯನ್ನು ಜನರ ನಾಲಿಗೆ ಕತ್ತಲ ರಾತ್ರಿ ಎಂದೂ ಮಾಡಿಕೊಂಡಿದೆ, ಆ ತಪ್ಪಿನಲ್ಲಿ ಅರ್ಥ ಕೆಡುವ ಬದಲು ಇಮ್ಮಡಿಸಿದೆ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳಲ್ಲಿ ಹೆಂಗಸರ ಶೋಕಕ್ಕೆ ದೊಡ್ಡ ಜಾಗವಿದೆ. ಹುಸೇನರ ತಾಯಿ ಫಾತಿಮಾ ಕರ್ಬಲಾಕ್ಕಿಂತ ಸುಮಾರು ಅರ್ಧ ಶತಮಾನ ಮೊದಲೇ ತೀರಿಕೊಂಡವರು, ಆದರೂ ಕರ್ಬಲಾದ ಶೋಕಪರಂಪರೆ ಅವರನ್ನು ಮಗನಿಗಾಗಿ ಅಳಲು ಮರಳಿ ಕರೆಯುತ್ತದೆ. ಯುದ್ಧದ ಕಥೆಗೆ ತಾಯಿ ಇರಲೇಬೇಕೆಂದು, ಸತ್ತಿದ್ದರೂ ಎದ್ದು ಬರಬೇಕೆಂದು ಬಯಸುವ ಈ ಕಲ್ಪನೆ ವೀರಗಲ್ಲಿನ ಶಿಲ್ಪಿಗೆ ಹೊಳೆಯದೆ ಹೋದದ್ದು. ಇಲ್ಲಿ ಅಳುವುದಕ್ಕೆ ರಕ್ತಸಂಬಂಧದ ಪುರಾವೆ ಬೇಡ, ಜಾತಿಮತದ ಚೀಟಿ ಬೇಡ. ಅಳುವವರ ದೇಶಭಕ್ತಿಯನ್ನು ಯಾರೂ ತೂಗುವುದಿಲ್ಲ.

ಈ ಆಚರಣೆಗೂ ಒಂದು ಎಲ್ಲೆಯುಂಟು. ಅಲ್ಲಿ ಕೊಂದವನು ಯಜೀದನೆಂಬುದು ಎಲ್ಲರಿಗೂ ಗೊತ್ತು, ಅವನು ಸತ್ತು ಹದಿಮೂರು ಶತಮಾನ ದಾಟಿತು, ಅವನ ಪರವಾಗಿ ಮಾತಾಡುವವರು ಮುದಗಲ್ಲಿನ ಕೋಟೆಯ ಒಳಗೂ ಹೊರಗೂ ಇಲ್ಲ. ಅಂತಹ ತಾಯಿಯ ಜೊತೆ ಅಳುವುದರಿಂದ ಯಾರ ಕುರ್ಚಿಯೂ ಅಲುಗುವುದಿಲ್ಲ. ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತವೆ, ಪಂಜಾಗಳನ್ನು ತೊಳೆದು ಪೆಟ್ಟಿಗೆಯಲ್ಲಿ ಇಡುತ್ತಾರೆ, ಅಲಾಯಿ ಕುಣಿ ಮುಚ್ಚುತ್ತಾರೆ. ಕ್ರಾಫರ್ಡಿನ ರಸ್ತೆಬದಿಯಲ್ಲಿ ಕುಳಿತ ತಾಯಿಯ ಎದುರಿಗೆ ಇದ್ದದ್ದು ಬದುಕಿದ್ದ ಅಧ್ಯಕ್ಷನ ಮನೆಯ ದಾರಿ, ಮತ್ತು ಆ ಯುದ್ಧ ಇನ್ನೂ ನಡೆಯುತ್ತಿತ್ತು.