ಅಡಿಕೆಗೆ ಬೇಲಿ ಬೇಕು, ಈರುಳ್ಳಿಗೆ ಬೇಡ

ಅಮೆರಿಕದ ರಾಜಕೀಯದ ಬಗ್ಗೆ ಓದೋದು ನಮ್ಮಂಥ ಐಟಿ ಮಂದಿಗೆ ಒಂಥರಾ ಚಟ. ಪ್ರಾಜೆಕ್ಟ್ ಅಲ್ಲಿಂದ ಬರಬೇಕು, ವೀಸಾ ಅಲ್ಲಿಂದ ಬರಬೇಕು. ಹಾಗಾಗಿ ಅಲ್ಲಿ ಯಾರು ಗೆದ್ದರು ಅನ್ನೋದು ನಮ್ಮೂರ ಪಂಚಾಯ್ತಿ ಫಲಿತಾಂಶಕ್ಕಿಂತ ಹತ್ತಿರದ ಸುದ್ದಿ. ಈ ಚಟಕ್ಕೆ ಬಿದ್ದು ಓದಿದ ಮೂರು ಪುಸ್ತಕಗಳ ಬಗ್ಗೆ ಬರೀತಿದ್ದೀನಿ. ಆದರೆ ಒಂದು ಷರತ್ತು: ಮೂರನ್ನೂ ನನಗೆ ಗೊತ್ತಿರೋ ಸೀಮೆಗೆ, ಅಂದ್ರೆ ಕಡೂರು, ತರೀಕೆರೆ, ಅಜ್ಜಂಪುರಕ್ಕೆ ಕರ್ಕೊಂಡು ಬಂದು ನಿಲ್ಲಿಸಿ ನೋಡ್ತೀನಿ. ಇಲ್ಲಿ ನಿಲ್ಲದ ಥಿಯರಿ ಕಾನ್ಸಾಸ್‌ನಲ್ಲಿ ನಿಂತರೆ ನಮಗೇನು ಬಂತು?

ಮೊದಲನೆಯದು ಮಿಲ್ಟನ್ ಫ್ರೀಡ್‌ಮನ್ ಅವರ 'ಕ್ಯಾಪಿಟಲಿಸಂ ಅಂಡ್ ಫ್ರೀಡಂ' (1962). ಮೊದಲ ಸಂಬಳ ಕೈಗೆ ಬಂದ ವಯಸ್ಸಲ್ಲಿ ಓದಿದರೆ ಈ ಪುಸ್ತಕ ನೇರ ತಲೆಗೇರುತ್ತೆ. ವಾಕ್ಯ ಸರಳ, ತರ್ಕ ಚೂಪು. ಬೇರೆ ದೇಶಗಳು ಏನಾದ್ರೂ ಮಾಡ್ಕೊಳ್ಲಿ, ಅಮೆರಿಕ ತನ್ನ ಆಮದು ಸುಂಕಗಳನ್ನು ತಾನಾಗಿಯೇ ಹಂತಹಂತವಾಗಿ ತೆಗೆದುಹಾಕಬೇಕು ಅನ್ನೋದು ಅವರ ವಾದ. 1955ರಲ್ಲಿ ಭಾರತಕ್ಕೆ ಬಂದು ನಮ್ಮ ಸರ್ಕಾರಕ್ಕೂ ಸಲಹೆ ಬರೆದುಕೊಟ್ಟಿದ್ದರು. ನಾವು ಕೇಳಲಿಲ್ಲ, ಅಮೆರಿಕದ ರಿಪಬ್ಲಿಕನ್ನರು ಕೇಳಿದರು. 1993ರಲ್ಲಿ ನಾಫ್ತಾ ಒಪ್ಪಂದದ ಪರವಾಗಿ ಪ್ರತಿನಿಧಿ ಸಭೆಯಲ್ಲಿ ಬಿದ್ದ 234 ಮತಗಳಲ್ಲಿ 132 ಅವರದ್ದೇ, ಅಧ್ಯಕ್ಷ ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಆಗಿದ್ದರೂ.

ಹೆಚ್ಚುಕಡಿಮೆ ಅದೇ ಹೊತ್ತಲ್ಲಿ ನಮ್ಮಲ್ಲಿ ಹಸಿರು ಶಾಲು ಹೊದ್ದ ರೈತರು ಡಂಕೆಲ್ ಪ್ರಸ್ತಾವದ ವಿರುದ್ಧ ಬೀದಿಗಿಳಿದಿದ್ದರು. 1992ರ ಡಿಸೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ಬೆಂಗಳೂರಿನ ಕಾರ್ಗಿಲ್ ಕಂಪನಿ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟಿತ್ತು. 'ಇವರಿಗೆ ಎಕನಾಮಿಕ್ಸ್ ಗೊತ್ತಿಲ್ಲ' ಅಂತ ನಕ್ಕವರು ಬಹಳ ಜನ. ಮೂವತ್ತು ವರ್ಷ ಆದಮೇಲೆ 'ಮುಕ್ತ ವ್ಯಾಪಾರ ನಮ್ಮನ್ನ ಹಾಳು ಮಾಡ್ತು' ಅಂದವರು ಯಾರು? ಅದೇ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ! 2025ರ ಆಗಸ್ಟ್ 27ರಂದು ಭಾರತದ ಬಹಳಷ್ಟು ಸರಕಿನ ಮೇಲಿನ ಅಮೆರಿಕದ ಸುಂಕ ಶೇ. 50 ಮುಟ್ಟಿತು. ಪಕ್ಷದ ಹೆಸರು ಅದೇ ಉಳಿದು, ಒಳಗಿನ ವಿಚಾರ ಪೂರ್ತಿ ಉಲ್ಟಾ ಹೊಡೆದಿತ್ತು.

ಇದು ಹೇಗಾಯ್ತು ಅಂತ ಹುಡುಕೋರ ಕೈಗೆ ಸಿಗೋದು ಥಾಮಸ್ ಫ್ರ್ಯಾಂಕ್ ಅವರ 'ವಾಟ್ಸ್ ದ ಮ್ಯಾಟರ್ ವಿತ್ ಕಾನ್ಸಾಸ್' (2004). ಫ್ರ್ಯಾಂಕ್ ಕಾನ್ಸಾಸ್‌ನಲ್ಲೇ ಬೆಳೆದವರು. ತನ್ನೂರಿನ ಜನ ಧರ್ಮ, ಗರ್ಭಪಾತ ಅಂತ ಸಿಟ್ಟಿಗೆದ್ದು ತಮ್ಮ ಹೊಟ್ಟೆಗೇ ಹೊಡೆಯೋ ಪಕ್ಷಕ್ಕೆ ಯಾಕೆ ಓಟು ಹಾಕ್ತಾರೆ ಅಂತ ಕೇಳ್ತಾರೆ. ಪುಸ್ತಕ ರೋಚಕವಾಗಿದೆ, ವ್ಯಂಗ್ಯ ಚೆನ್ನಾಗಿದೆ, ಬಡವರ ಆರ್ಥಿಕ ಕಷ್ಟದ ಮಾತನ್ನೇ ಬಿಟ್ಟ ಡೆಮಾಕ್ರಟರನ್ನೂ ಅವರು ಬಿಡೋದಿಲ್ಲ. ಆದರೂ ಅದರ ಬುಡದಲ್ಲಿರೋ ನಂಬಿಕೆ ಒಂದೇ: ಈ ಜನಕ್ಕೆ ತಮ್ಮ ಲಾಭ ಯಾವುದು ಅಂತ ಗೊತ್ತಿಲ್ಲ.

ಈ ಮಾತನ್ನ ತರೀಕೆರೆಯ ಅಡಿಕೆ ಮಂಡಿ ಮುಂದೆ ನಿಂತು ಹೇಳಿ ನೋಡೋಣ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರೋಕೆ ಬಿಟ್ಟಿತು. ಆ ಪಕ್ಷಕ್ಕೇ ಓಟು ಹಾಕಿದ್ದ ಬೆಳೆಗಾರರೂ ಬೈದರು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕೆಜಿಗೆ 251ರಿಂದ 351 ರೂಪಾಯಿಗೆ ಏರಿತು. ಅಂದ್ರೆ ಕ್ವಿಂಟಲ್‌ಗೆ 35,100. ಈ ಲೆಕ್ಕ ನಮ್ಮ ಕಡೆ ರಾಶಿ ಇಡಿ ಮಾರೋ ಯಾರನ್ನ ಕೇಳಿದ್ರೂ ಬಾಯಲ್ಲೇ ಇರುತ್ತೆ. ಇವರಿಗೆ ಲಾಭ ಗೊತ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳೋದು? ಅವರು ಪಕ್ಷ ಬದಲಾಯಿಸೋದಿಲ್ಲ, ಪಕ್ಷದ ಒಳಗೇ ನಿಂತು ಚೌಕಾಸಿ ಮಾಡ್ತಾರೆ. ಫ್ರ್ಯಾಂಕ್ ಪುಸ್ತಕದಲ್ಲಿ ಈ ಚೌಕಾಸಿಗೆ ಜಾಗ ಇಲ್ಲ.

ಇನ್ನೂ ಸೋಜಿಗ ಅಂದ್ರೆ ಅಜ್ಜಂಪುರದ ಈರುಳ್ಳಿ. 2023ರ ಆಗಸ್ಟ್‌ನಲ್ಲಿ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ಶೇ. 40 ಸುಂಕ ಹಾಕಿತು, ಡಿಸೆಂಬರ್‌ನಲ್ಲಿ ರಫ್ತನ್ನೇ ನಿಲ್ಲಿಸಿತು. 'ನಮ್ಮ ಮಾಲು ನಾವು ಎಲ್ಲಿ ಬೇಕಾದ್ರೂ ಮಾರ್ತೀವಿ, ನೀವ್ಯಾರು ತಡೆಯೋಕೆ?' ಅನ್ನೋದು ಈರುಳ್ಳಿ ಬೆಳೆದವನ ಸಿಟ್ಟು. ಫ್ರೀಡ್‌ಮನ್ ಕೇಳಿದ್ರೆ ಬೆನ್ನು ತಟ್ತಿದ್ರು. ಅದೇ ಮನುಷ್ಯನಿಗೆ ಊರಾಚೆ ಎರಡೆಕರೆ ಅಡಿಕೆ ತೋಟ ಇದ್ದರೆ, ಅಲ್ಲಿ ಬೇಲಿ ಹಾಕಿ ಅಂತಾನೆ. ಒಬ್ಬನೇ ರೈತ, ಎರಡು ಎಕನಾಮಿಕ್ಸ್.

ಇದು ಇಬ್ಬಗೆ ನೀತಿ ಅಂತ ನಗೋದು ಸುಲಭ. ನನಗೆ ಹಾಗನ್ನಿಸಲ್ಲ. ಈರುಳ್ಳಿ ಮೂರ್ನಾಲ್ಕು ತಿಂಗಳ ಬೆಳೆ. ರೇಟು ಬಿದ್ದರೆ ಮುಂದಿನ ಸಲ ಬೇರೇನೋ ಹಾಕಬಹುದು. ಅಡಿಕೆ ಸಸಿ ಫಸಲಿಗೆ ಬರೋಕೆ ಐದಾರು ವರ್ಷ ಬೇಕು, ಮರ ನಿಲ್ಲೋದು ದಶಕಗಟ್ಟಲೆ. ರೇಟು ಬಿತ್ತು ಅಂತ ತೋಟ ಕಡಿದು ನಾಳೆ ಇನ್ನೊಂದು ಶುರು ಮಾಡೋಕಾಗುತ್ತಾ? ಚೀನಾದ ಆಮದಿನಿಂದ ಕೆಲಸ ಕಳ್ಕೊಂಡ ಅಮೆರಿಕನ್ ಕಾರ್ಮಿಕರ ಬಗ್ಗೆ ಆಟರ್, ಡಾರ್ನ್, ಹ್ಯಾನ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು 2013ರಲ್ಲಿ ತೋರಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಥಿಯರಿ ಹೇಳಿದಷ್ಟು ಸಲೀಸಾಗಿ ಜನ ಬೇರೆ ಕೆಲಸಕ್ಕೆ, ಬೇರೆ ಊರಿಗೆ ಹೋಗಲಿಲ್ಲ. ಫ್ರೀಡ್‌ಮನ್ ಲೆಕ್ಕದಲ್ಲಿ ಸರಕು ಚಲಿಸುತ್ತೆ, ದುಡ್ಡು ಚಲಿಸುತ್ತೆ. ತೋಟ ಚಲಿಸಲ್ಲ, ಐವತ್ತು ವರ್ಷದ ಮನುಷ್ಯ ಚಲಿಸಲ್ಲ.

ಹಾಗಂತ ಬೇಲಿ ಪುಕ್ಕಟೆ ಅಲ್ಲ. ರೇಟಿನ ಧೈರ್ಯದ ಮೇಲೆ ರಾಗಿ, ಜೋಳ ಬೆಳೀತಿದ್ದ ಕಡೂರಿನ ಬಯಲಿಗೂ ಅಡಿಕೆ ಬಂತು. ಬೋರ್‌ವೆಲ್ ಆಳಕ್ಕೆ ಹೋಯ್ತು, ಈಗ ನೀರಿಗೆ ಕ್ಯೂ.

ಕ್ಯೂ ಅಂದಾಗ ಮೂರನೇ ಪುಸ್ತಕ ನೆನಪಾಗುತ್ತೆ. ಆರ್ಲಿ ಹಾಕ್‌ಶೀಲ್ಡ್ ಅವರ 'ಸ್ಟ್ರೇಂಜರ್ಸ್ ಇನ್ ದೇರ್ ಓನ್ ಲ್ಯಾಂಡ್' (2016). ಎಡಪಂಥೀಯ ಸಮಾಜಶಾಸ್ತ್ರಜ್ಞೆ ಲೂಸಿಯಾನಾದ ಬಲಪಂಥೀಯರ ಮನೆಗಳಿಗೆ ಐದು ವರ್ಷ ಓಡಾಡಿ ಬರೆದದ್ದು. ಮೂರರಲ್ಲಿ ನಾನು ಯಾರಿಗಾದ್ರೂ ಕೊಂಡು ಕೊಡೋದಾದ್ರೆ ಇದನ್ನೇ. ಜನ ಸಾಲಲ್ಲಿ ತಾಳ್ಮೆಯಿಂದ ನಿಂತಿದ್ದಾರೆ, ಸಾಲು ಮುಂದಕ್ಕೆ ಹೋಗ್ತಿಲ್ಲ, ಯಾರೋ ಮಧ್ಯೆ ನುಗ್ತಿದ್ದಾರೆ ಅನ್ನೋ ಭಾವನೆ ಅವರ ರಾಜಕೀಯದ ಬೇರು ಅಂತ ಆಕೆ ಹೇಳ್ತಾರೆ. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯಿಂದ ಕುಡಿಯೋ ನೀರು ಒಯ್ಯೋ ಕಾಮಗಾರಿ ವಿರುದ್ಧ ದಾವಣಗೆರೆ ಕಡೆಯ ರೈತರು ಬೀದಿಗಿಳಿದಾಗ ಇದೇ ಸಾಲು ಕಾಣಿಸ್ತು. ಆದರೆ ನೀರು ಹೋಗಬೇಕಾಗಿದ್ದ ಕಡೆಗಳಲ್ಲಿ ತರೀಕೆರೆ, ಕಡೂರೂ ಇದ್ದವು. ಅಲ್ಲಿನವರಿಗೆ ಕೊಡ ಹಿಡಿದು ಹಿಂದೆ ನಿಂತವರು ತಾವೇ. ಹಾಕ್‌ಶೀಲ್ಡ್ ಪುಸ್ತಕದ ಕೊರತೆ ಇಲ್ಲೇ ಇದೆ: 'ನುಗ್ಗಿದವರು' ಅನ್ನಿಸಿಕೊಂಡವರ ಬಾಯಿಂದ ಕಥೆ ಕೇಳಿಸೋದೇ ಇಲ್ಲ.

ಅಮೆರಿಕದ ಸಾಲಲ್ಲಿ ಆ ನುಗ್ಗಿದವರು ಅಂದ್ರೆ ಯಾರು ಗೊತ್ತಲ್ಲ? ನಾವೇ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಆದಾಗ, ಟೆಕ್ಸಾಸ್‌ನಲ್ಲಿರೋ ನನ್ನ ಕಸಿನ್ ಫೋನಲ್ಲಿ ಅವರಪ್ಪನ ಹತ್ರ ಅಮೆರಿಕದವರನ್ನ ಬಾಯಿತುಂಬ ಬೈದ. ತರೀಕೆರೆ ಹತ್ರ ತೋಟ ಮಾಡೋ ಚಿಕ್ಕಪ್ಪ ಎಲ್ಲಾ ಕೇಳಿಸ್ಕೊಂಡು ಕೇಳಿದ್ದು ಇಷ್ಟೇ: 'ಅವ್ರ ಊರಿಗೆ ಅವ್ರು ಬೇಲಿ ಹಾಕ್ಕೊಂಡ್ರೆ ತಪ್ಪೇನೋ ಮಗಾ? ಅಡಿಕೆಗೆ ನಾವು ಹಾಕ್ಕೊಂಡಿಲ್ವಾ?'

ಇದಕ್ಕೆ ಕಸಿನ್ ಹತ್ರ ಉತ್ತರ ಇರಲಿಲ್ಲ. ಮೂರೂ ಪುಸ್ತಕಗಳಲ್ಲೂ ಪೂರ್ತಿ ಉತ್ತರ ಇಲ್ಲ. ನನಗೆ ಹೊಳೆದದ್ದು ಇಷ್ಟು: ಬೇಲಿ ಬೇಕೋ ಬೇಡವೋ ಅನ್ನೋ ವಾದಕ್ಕಿಂತ ಬೇಲಿ ಯಾರಿಗೆ, ಎಷ್ಟು ವರ್ಷಕ್ಕೆ, ಅದರ ಖರ್ಚು ಯಾರ ತಲೆ ಮೇಲೆ ಅನ್ನೋ ಮೂರು ಪ್ರಶ್ನೆ ಮುಖ್ಯ. ತಾನು ಹಾಕೋ ಬೇಲಿ ರಕ್ಷಣೆ, ಬೇರೆಯವರು ಹಾಕೋ ಬೇಲಿ ದ್ವೇಷ ಅನ್ನೋ ಯಾವ ಪುಸ್ತಕವನ್ನೂ, ಯಾವ ಪಕ್ಷವನ್ನೂ ನಾನು ನಂಬಲ್ಲ. ಫ್ರೀಡ್‌ಮನ್ನರನ್ನ ತರ್ಕ ಕಲಿಯೋಕೆ ಓದಿ, ಫ್ರ್ಯಾಂಕ್‌ರನ್ನ ಜಗಳ ಆಡೋಕೆ ಓದಿ, ಹಾಕ್‌ಶೀಲ್ಡ್‌ರನ್ನ ಕೇಳಿಸ್ಕೊಳ್ಳೋದು ಹೇಗೆ ಅಂತ ತಿಳಿಯೋಕೆ ಓದಿ. ಓದಿದ ಮೇಲೆ ಊರಿಗೊಂದು ಫೋನ್ ಮಾಡಿ, ಈ ವಾರ ರಾಶಿ ಇಡಿ ರೇಟು ಎಷ್ಟು ಅಂತ ವಿಚಾರಿಸಿ.