ಅದ್ಭುತ ಜೀವಿಯ ಕಟ್ಟುಪಾಡು

ಕಥೆಯಲ್ಲಿ ಬರುವ ಅದ್ಭುತ ಜೀವಿಗೆ ಏನು ಸಾಧ್ಯವೆಂಬುದಕ್ಕಿಂತ ಏನು ಸಾಧ್ಯವಿಲ್ಲವೆಂಬುದೇ ವಿಮರ್ಶಕನು ಮೊದಲು ಕೇಳಬೇಕಾದ ಪ್ರಶ್ನೆ. ಎಲ್ಲವನ್ನೂ ಮಾಡಬಲ್ಲ ಸರ್ಪವು ಕಥೆಗಾರನ ಶ್ರಮವನ್ನು ಉಳಿಸುತ್ತದೆಯೇ ಹೊರತು ಕಥೆಯನ್ನು ಉಳಿಸುವುದಿಲ್ಲ. ಬೆಳ್ಳಿತೆರೆಯ ಎಷ್ಟೋ ನಾಗಗಳು ಈ ಬಗೆಯವು.

ಗಿರೀಶ ಕಾರ್ನಾಡರ ‘ನಾಗಮಂಡಲ’ದ (1988) ನಾಗನು ಬೇರೆ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿದ ಈ ನಾಟಕದಲ್ಲಿ, ಹುತ್ತಕ್ಕೆ ಸುರಿದ ಬೇರಿನ ಸಾರನ್ನು ಕುಡಿದ ಹಾವು ರಾಣಿಗೆ ಮರುಳಾಗಿ ಅವಳ ಗಂಡ ಅಪ್ಪಣ್ಣನ ರೂಪವನ್ನು ತಾಳುತ್ತದೆ. ರೂಪ ಬದಲಾದರೂ ಹಾವಿನ ಧರ್ಮ ಬಿಡದು. ಅದು ಮನೆಯನ್ನು ಹೊಗುವುದು ಬಚ್ಚಲಿನ ತೂಬಿನಿಂದ; ಅದರ ರಕ್ತ ತಣ್ಣಗಿದೆ; ಕಾವಲಿಗೆ ತಂದ ಮುಂಗುಸಿ ಅದನ್ನು ಗಾಯಗೊಳಿಸಬಲ್ಲುದು. ಆದುದರಿಂದಲೇ ಪ್ರೇಕ್ಷಕನು ಅದರ ಜೀವಕ್ಕಾಗಿ ಅಂಜುತ್ತಾನೆ.

ಬಸಿರಾದ ರಾಣಿಯು ಪಂಚರೆದುರು ಹುತ್ತದೊಳಗೆ ಕೈಯಿಟ್ಟು ಹಾವನ್ನು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಇನ್ನಾವ ಗಂಡಸನ್ನೂ ಮುಟ್ಟಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ಮಾತು ಅಕ್ಷರಶಃ ನಿಜ. ಕೇಳಿದವರು ತಿಳಿದ ಅರ್ಥ ಬೇರೆ. ನಾಗನು ಬರಿಯ ಮಾಯೆಯಾಗಿದ್ದರೆ ಈ ಪ್ರಮಾಣ ಪೊಳ್ಳಾಗುತ್ತಿತ್ತು. ಹಿಡಿದ ಕೈಯಲ್ಲಿ ಕಚ್ಚಬಲ್ಲ ಹಾವೇ ಇದ್ದುದರಿಂದ ಹೆಣ್ಣೊಬ್ಬಳ ಮಾನವೂ ಪ್ರಾಣವೂ ಉಳಿದವು.

ಅದೇ ನಾಟಕಕಾರರ ‘ಹಯವದನ’ದ (1971) ಕುದುರೆಮೊಗದವನು ಇಷ್ಟು ಗಟ್ಟಿಯಾಗಿ ನಿಲ್ಲನು. ಪೂರ್ಣತೆಯೆಂಬ ಪ್ರಮೇಯವನ್ನು ಹೊತ್ತು ತಿರುಗುವ ಅವನಲ್ಲಿ ಮೈಯ ಕಷ್ಟಕ್ಕಿಂತ ವಾದವೇ ಮುಂದು. ಕಾಳಿಯ ವರದಿಂದ ಪೂರ್ತಿ ಕುದುರೆಯಾದ ಮೇಲೂ ಮನುಷ್ಯಸ್ವರ ಉಳಿದುಬಿಟ್ಟಿತೆಂದು ಪರಿತಪಿಸುವಾಗ ಮಾತ್ರ ಅವನಿಗೆ ಉಸಿರು ಬರುತ್ತದೆ. ಮಗುವಿನೊಡನೆ ನಕ್ಕು ನಕ್ಕು ಆ ಸ್ವರವೂ ಕೆನೆತವಾದಾಗ ರಂಗದ ಮೇಲೆ ಕುದುರೆಯೇ ಇದೆ.