ಒಣಗಿದ ಗಿಡದ ದಫ್ತರ

1787ರಲ್ಲಿ ರಾಬರ್ಟ್ ಕಿಡ್ ಎಂಬ ಸೇನಾಧಿಕಾರಿಯ ಸಲಹೆಯಂತೆ ಕಲ್ಕತ್ತಾ ಬಳಿ ಹೂಗ್ಲಿ ನದಿ ದಡದ ಶಿಬ್‌ಪುರದಲ್ಲಿ ಸಸ್ಯೋದ್ಯಾನ ಶುರುವಾದದ್ದು ಹೂವಿನ ಮೋಹಕ್ಕಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ಹಡಗು ಕಟ್ಟಲು ತೇಗ ಬೇಕಿತ್ತು, ಮಾರಲು ಸಾಂಬಾರ ಪದಾರ್ಥ ಬೇಕಿತ್ತು. ಆ ಲೆಕ್ಕಾಚಾರ ಅಷ್ಟಾಗಿ ಫಲಿಸಲಿಲ್ಲ. ನನಗೆ ಮೆಚ್ಚುಗೆಯಿರುವುದು ಅಲ್ಲಿ ಬೆಳೆದ ಕಾಗದದ ಕೆಲಸದ ಬಗ್ಗೆ, ಅಂದರೆ ಗಿಡಗಳನ್ನು ಒಣಗಿಸಿ ಹಾಳೆಯ ಮೇಲೆ ಕಾಪಿಡುವ ಕೆಲಸದ ಬಗ್ಗೆ.

ಗಿಡವನ್ನು ಹೂವಿರುವಾಗಲೇ ಕೀಳಬೇಕು. ಎಲೆಯ ಮೇಲ್ಮೈ, ಅಡಿ ಎರಡೂ ಕಾಣುವಂತೆ ಒಂದೆರಡು ಎಲೆ ಮಗುಚಿ, ಹೀರುಕಾಗದದ ನಡುವೆ ಒತ್ತಬೇಕು. ಬಂಗಾಳದ ಮಳೆಗಾಲದಲ್ಲಿ ಕಾಗದ ಬದಲಿಸುವುದು ಒಂದು ದಿನ ತಪ್ಪಿದರೂ ಬೂಷ್ಟು ಗ್ಯಾರಂಟಿ. ಕೊನೆಗೆ ದಪ್ಪ ಹಾಳೆಗೆ ಅಂಟಿಸಿ, ಮೂಲೆಯ ಚೀಟಿಯಲ್ಲಿ ಊರು, ತಾರೀಖು, ತಂದವರ ಹೆಸರು. ಚೀಟಿಯಿಲ್ಲದ ಗಿಡ ಬರೀ ಹುಲ್ಲು!

ಒಣಗಿದರೆ ಬಣ್ಣ ಹೋಗುತ್ತದಲ್ಲ, ಅದಕ್ಕೆ ಚಿತ್ರ. 1793ರಲ್ಲಿ ಉದ್ಯಾನದ ಮೇಲ್ವಿಚಾರಕನಾದ ವಿಲಿಯಂ ರಾಕ್ಸ್‌ಬರ್ಗ್ ಭಾರತೀಯ ಕಲಾವಿದರಿಂದ ಬರೆಸಿದ ಗಿಡಗಳ ಚಿತ್ರ ಎರಡೂವರೆ ಸಾವಿರಕ್ಕೂ ಹೆಚ್ಚು. ಗಿಡದ ಜೊತೆಗೇ ಬಿಡಿಸಿದ ಹೂವಿನ ಕೇಸರ, ಅಂಡಾಶಯವೂ ಇರುತ್ತದೆ. ರಾಕ್ಸ್‌ಬರ್ಗ್ ಹೆಸರು ಎಷ್ಟೋ ಸಸ್ಯಗಳ ಲ್ಯಾಟಿನ್ ಹೆಸರಿನ ಬಾಲದಲ್ಲಿ ಉಳಿದಿದೆ. ಕುಂಚ ಹಿಡಿದವರಲ್ಲಿ ಹೆಚ್ಚಿನವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಚೀಟಿ ಬರೆಯುವುದರಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವರು!

ಅದೇ ಉದ್ಯಾನದಲ್ಲಿರುವ ಈಗಿನ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಸುಮಾರು 20 ಲಕ್ಷ ಮಾದರಿಗಳಿವೆ. ಹೊಸ ಗಿಡ ಸಿಕ್ಕಿತು ಎನ್ನುವವರು ಮೊದಲು ಇಂಥ ಹಾಳೆಗಳ ಪಕ್ಕದಲ್ಲಿಟ್ಟು ನೋಡಬೇಕು.